ಅಯಸ್ಕಾಂತಕ್ಕೆ ಅಂಟಿದ ಇದ್ದಿಲು

ಎಸ್ತರಳಿಗೆ ಕಲ್ಲಿನ ಹುಚ್ಚು ಹತ್ತಿಸಿದವನು ಸೋದರಮಾವ ಕ್ರಿಸ್ತಪ್ಪ. ಬೀದರಿನಲ್ಲಿ ಚರ್ಚಿನ ಹಿಂದಿನ ಓಣಿಯಲ್ಲಿ ಅವರ ಮನೆ. ತಂದೆ ತೀರಿಕೊಂಡಾಗ ಅವಳಿಗೆ ಸರಿಯಾಗಿ ಜಡೆ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ತಾಯಿ ರೂತಮ್ಮ ನರ್ಸು. ಪಾಳಿ ಮುಗಿಸಿ ಓಡಿಬಂದು ಮಗಳನ್ನು ಅಣಿಮಾಡುವಷ್ಟರಲ್ಲಿ ಶಾಲೆಯ ಗಂಟೆ ಹೊಡೆದಿರುತ್ತಿತ್ತು. ಬಳ್ಳಾರಿ ಸೀಮೆಯ ಅದಿರು ತೊಳೆಯುವ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದ ಕ್ರಿಸ್ತಪ್ಪ ರಜೆಗೆ ಬಂದರೆ ಸೈಕಲ್ಲಿನ ಮುಂದಿನ ಡಂಡಿಗೆ ಅವಳನ್ನು ಕೂಡಿಸಿಕೊಂಡು ಶಾಲೆಗೆ ಬಿಡುತ್ತಿದ್ದ. ಅವನು ಮಿಠಾಯಿ ತರುವ ಮಾವನಲ್ಲ. ಅವನ ಕಿಸೆಯಿಂದ ಹೊರಬರುತ್ತಿದ್ದುದು ಕಲ್ಲು. ಒಂದು ಕನ್ನಡಿಯಂತೆ ಹೊಳೆಯುವ ಕರಿ ಕಲ್ಲು, ಇನ್ನೊಂದು ಕೈಗೆ ಕುಂಕುಮದಂತೆ ಹತ್ತುವ ಕೆಂಪು ಕಲ್ಲು. "ಎರಡರಾಗೂ ಕಬ್ಣ ಅದ. ಒಂದು ಕೊಡ್ತದ, ಒಂದು ಕೊಡಲ್ಲ. ಯಾಕ ಹೇಳು?" ಎಂದು ಕೇಳಿ, ಉತ್ತರ ಹೇಳದೆ ಮತ್ತೆ ಬಳ್ಳಾರಿಯ ಬಸ್ಸು ಹತ್ತಿಬಿಡುತ್ತಿದ್ದ.

ಆ 'ಯಾಕ' ಅವಳನ್ನು ಕಲಬುರಗಿಯವರೆಗೆ ಎಳೆದುಕೊಂಡು ಹೋಯಿತು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಊರಿಗೆ ಮರಳಿ, ಒಂದು ಖಾಸಗಿ ಕಾಲೇಜಿನಲ್ಲಿ ತಾತ್ಕಾಲಿಕ ಪಾಠಕ್ಕೆ ನಿಂತಳು. ಅಷ್ಟರಲ್ಲಿ ಬಳ್ಳಾರಿ ಕಡೆ ಗಣಿಗಳು ಬಂದ್ ಆಗಿ ಕ್ರಿಸ್ತಪ್ಪನೂ ಹಿಂದಿರುಗಿದ್ದ. ಸಾಯಗಾಂವದ ಹಾವಗೆಪ್ಪ ಸಾವಕಾರರು ಭಾಲ್ಕಿ ಸ್ಟೇಷನ್ನಿನ ಹತ್ತಿರ ತೊಗರಿಬೇಳೆ ಮಿಲ್ಲು ಇಟ್ಟುಕೊಂಡಿದ್ದರು. ಅಲ್ಲಿ ಅವನಿಗೆ ಮೇಲ್ವಿಚಾರಣೆಯ ಕೆಲಸ ಸಿಕ್ಕಿತು.

ಆಮೇಲೆ ಬಂದದ್ದು ಎರಡು ಸಾವಿರದ ಹದಿನೈದರ ಬರ. ಹಿಂದಿನ ವರ್ಷವೇ ಮಳೆ ಅರ್ಧಕ್ಕೆ ನಿಂತಿತ್ತು, ಈ ವರ್ಷ ಮುಖವನ್ನೇ ತೋರಿಸಲಿಲ್ಲ. ಕಾರಂಜಾ ಜಲಾಶಯದ ತಳ ಸುಟ್ಟ ರೊಟ್ಟಿಯ ಹಾಗೆ ಒಡೆದುಕೊಂಡಿತು. ತೊಗರಿ ಹೂವಿನಲ್ಲೇ ಉದುರಿತು. ತೊಗರಿಯಿಲ್ಲದ ಮೇಲೆ ಬೇಳೆ ಮಿಲ್ಲು ಏನು ಬೀಸೀತು? ಔರಾದದಿಂದ ಹೈದರಾಬಾದಿಗೆ ಹೋಗುವ ಬಸ್ಸುಗಳ ಮೇಲೆ ಮಂಚ, ಕೊಡ, ಕಟ್ಟಿದ ಹಾಸಿಗೆಗಳ ಗುಡ್ಡ ಏಳತೊಡಗಿತು. ಪುಣೆಗೆ ಹೋಗುವವರು ಭಾಲ್ಕಿಗೆ ಬಂದು ರೈಲು ಕಾಯುತ್ತಿದ್ದರು.

ಹಾವಗೆಪ್ಪ ಕೈಕಟ್ಟಿ ಕೂರುವ ಜಾತಿಯವರಲ್ಲ. ಹೈದರಾಬಾದಿನ ಒಂದು ಪ್ರದರ್ಶನದಲ್ಲಿ ಅವರು ಒಂದು ಸೋಜಿಗ ಕಂಡು ಬಂದಿದ್ದರು. ಮೈಕ್ರೋವೇವ್‌ನಿಂದ ಅದಿರು ಕಾಯಿಸುವ ಪೆಟ್ಟಿಗೆ. ಬೆಂಕಿ ಇಲ್ಲ, ಹೊಗೆ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನೀರು ಬೇಡ. ಬೇರೆ ಕಡೆ ಕೀಳು ದರ್ಜೆಯ ಅದಿರನ್ನು ಹಳ್ಳದಷ್ಟು ನೀರು ಹರಿಸಿ ತೊಳೆದು ಮಣ್ಣು ಬೇರೆ ಮಾಡುತ್ತಾರೆ. ಇಲ್ಲಿ ಕಲ್ಲಿನ ಪುಡಿಗೆ ಇದ್ದಿಲ ಪುಡಿ ಬೆರೆಸಿ ಪೆಟ್ಟಿಗೆಯಲ್ಲಿಟ್ಟರೆ ಸಾಕು. ಅಯಸ್ಕಾಂತಕ್ಕೆ ಸೊಪ್ಪು ಹಾಕದ ಕೆಂಪು ಕಬ್ಬಿಣ ಕಾದು, ಅಯಸ್ಕಾಂತ ಹಿಡಿಯುವ ಕರಿ ಕಬ್ಬಿಣವಾಗುತ್ತದೆ. ಆಮೇಲೆ ಒಣ ಪುಡಿಯ ಮೇಲೆ ಅಯಸ್ಕಾಂತ ಆಡಿಸಿದರೆ ಕಬ್ಬಿಣ ಮೇಲೆ, ಮಣ್ಣು ಕೆಳಗೆ.

"ಬೀದರ ಸುತ್ತ ಎಲ್ಲಿ ಅಗದ್ರೂ ಕೆಂಪು ಕಲ್ಲು ಅದ. ಇಷ್ಟ ದಿನ ಗ್ವಾಡಿ ಕಟ್ಟೀವಿ. ಇನ್ನ ಕಬ್ಣ ತೆಗಿಯೋಣು," ಎಂದರು ಹಾವಗೆಪ್ಪ. ಮಿಲ್ಲಿನ ಗೋದಾಮಿಗೆ ಉಕ್ಕಿನ ಪೆಟ್ಟಿಗೆ ಬಂತು. ಅದನ್ನು ನಡೆಸಲು ಕ್ರಿಸ್ತಪ್ಪ, ಫಲಿತಾಂಶ ಪರೀಕ್ಷಿಸಲು ಎಸ್ತರ. ಅವಳು ಕಾಲೇಜು ಬಿಟ್ಟು ದಿನವೂ ಬೀದರಿನಿಂದ ಭಾಲ್ಕಿಗೆ ಓಡಾಡತೊಡಗಿದಳು.

ಕಲ್ಲು ಒಡೆಯಲು, ಇದ್ದಿಲು ಕುಟ್ಟಲು ಜನ ಬೇಕಲ್ಲ? ಕ್ರಿಸ್ತಪ್ಪ ಒಂದು ಮುಂಜಾನೆ ಸ್ಟೇಷನ್ನಿಗೆ ಹೋದ. ಔರಾದ ತಾಲೂಕಿನ ಒಂದೇ ಹಳ್ಳಿಯ ಏಳೆಂಟು ಮನೆಯವರು ಪುಣೆಯ ಗಾಡಿಗಾಗಿ ಕುಳಿತಿದ್ದರು. ಅವರ ಮುಂದಾಳು ಶೇವಂತಾಬಾಯಿ, ಮಾತಿಗೆ ಮುಂಚೆ ಎದುರಿನವರನ್ನು ಮೇಲಿಂದ ಕೆಳಗೆ ಅಳೆಯುವ ಹೆಂಗಸು. ಜೊತೆಗೆ ಅವಳ ನಾದಿನಿ ಕಸ್ತೂರಿಬಾಯಿ, ಕಾರಣವಿಲ್ಲದೆಯೂ ನಗುವವಳು.

"ಪುಣೆಕ್ಕ ಹೋಗಿ ಮಂದಿ ಮನಿ ಕಟ್ಟಾದು ಯಾಕ? ಇಲ್ಲೇ ಕೆಲಸ ಅದ, ಬರ್ರಿ," ಎಂದ ಕ್ರಿಸ್ತಪ್ಪ.

"ಎಷ್ಟ ದಿನದ ಕೆಲಸರಿ?" ಶೇವಂತಾಬಾಯಿ ಕೇಳಿದಳು.

"ನಾ ಇರೋತನಕ."

ಅವರು ಗಂಟುಮೂಟೆ ಹೊತ್ತು ಮಿಲ್ಲಿನ ಹಿತ್ತಲಿಗೆ ಬಂದರು.

ಮೊದಲ ಸಲ ಪೆಟ್ಟಿಗೆ ಚಾಲೂ ಆದ ದಿನ ಎಲ್ಲರೂ ಗಾಜಿನ ಕಿಂಡಿಗೆ ಮುಖ ಹಚ್ಚಲು ನೂಕಾಡಿದರು. ಬಿಳಿ ಪಿಂಗಾಣಿ ಬಟ್ಟಲಲ್ಲಿ ಪುಡಿ ಸುಮ್ಮನೆ ಕುಳಿತಿತ್ತು. ಸ್ವಲ್ಪ ಹೊತ್ತಿಗೆ ಅದರ ಹೊಟ್ಟೆಯೊಳಗೊಂದು ಕೆಂಡ ಕಣ್ಣು ಬಿಟ್ಟಿತು. ಮೇಲಿನ ಪದರ ಇನ್ನೂ ಮಂಕಾಗಿದೆ, ಒಳಗೆ ಮಾತ್ರ ನಿಗಿನಿಗಿ. ಎಸ್ತರ ಪುಸ್ತಕದಲ್ಲಿ ಓದಿದ್ದಳು: ಈ ಅಲೆಗಳು ಹೊರಗಿನಿಂದ ಸುಡುವುದಿಲ್ಲ, ಒಳಕ್ಕೆ ಹೊಕ್ಕು ಇದ್ದಿಲನ್ನೂ ಕಬ್ಬಿಣದ ಕಣವನ್ನೂ ಮೊದಲು ಕಾಯಿಸುತ್ತವೆ. ಓದಿದ್ದು ಬೇರೆ, ಕಂಡದ್ದು ಬೇರೆ. ಅವಳ ತೋಳಿನ ಮೇಲೆ ಮುಳ್ಳೆದ್ದವು.

ಶೇವಂತಾಬಾಯಿ ಎರಡು ಹೆಜ್ಜೆ ಹಿಂದೆ ಸರಿದಳು. "ಬೆಂಕಿ ಎಲ್ಲದ್ರಿ ಮೇಡಂ? ಯಾರೂ ಕಡ್ಡಿ ಗೀರಿಲ್ಲ, ಕಲ್ಲು ತಾನ ತನ್ನ ಸುಟಗೊಳ್ಳಾಕತ್ತದಲ್ಲ!"

ಸೋಜಿಗವೇನೋ ಸರಿ, ಕಬ್ಬಿಣ ಮಾತ್ರ ಬರಲಿಲ್ಲ. ಕಡಿಮೆ ಕಾಯಿಸಿದರೆ ಕೆಂಪು ಕಲ್ಲು ಕೆಂಪಾಗಿಯೇ ಉಳಿಯುತ್ತಿತ್ತು. ಒಂದಿಷ್ಟು ಹೆಚ್ಚಾದರೆ ಬಿಸಿ ಕೈತಪ್ಪಿ ಎಲ್ಲವೂ ಕರಗಿ, ಬಟ್ಟಲಿಗೆ ಪಾಕ ಹೆಚ್ಚಾದ ಬೆಲ್ಲದಂತೆ ಕಚ್ಚಿಕೊಳ್ಳುತ್ತಿತ್ತು. ಹಾವಗೆಪ್ಪ ದಿನಕ್ಕೊಮ್ಮೆ ಬಂದು ನೋಡಿ, ಏನೂ ಅನ್ನದೆ ಹೋಗುತ್ತಿದ್ದರು. ಅನ್ನದಿರುವುದೇ ಅನ್ನುವುದಕ್ಕಿಂತ ಕೆಟ್ಟದಾಗಿತ್ತು. ಕಡೆಗೊಂದು ದಿನ ಅಂದೇಬಿಟ್ಟರು: "ಕ್ರಿಸ್ತಪ್ಪ, ಸೋಮವಾರದಿಂದ ಬಂದ್ ಮಾಡೋಣು."

ಆ ಸೋಮವಾರ ಬರುವ ಮೊದಲೇ ಕಬ್ಬಿಣ ಬಂತು. ಬಟ್ಟಲಿನ ಪುಡಿಯ ಮೇಲೆ ಎಸ್ತರ ಅಯಸ್ಕಾಂತ ಹಿಡಿದಾಗ ಕರಿ ಪುಡಿ ಮುಳ್ಳುಹಂದಿಯ ಹಾಗೆ ಎದ್ದು ನಿಂತು ಅಂಟಿಕೊಂಡಿತು. ಅವಳು ಕೂಗಿದ ಕೂಗಿಗೆ ಹಿತ್ತಲಿನವರೆಲ್ಲ ಓಡಿಬಂದರು. ಕಸ್ತೂರಿಬಾಯಿ ಇದ್ದಿಲ ಕೈಯಲ್ಲೇ ಚಪ್ಪಾಳೆ ತಟ್ಟಿದಳು. ಮರುದಿನವೂ ಹಾಗೆಯೇ ಬಂತು. ಹಾವಗೆಪ್ಪ ಊರಿಗೆಲ್ಲ ಪೇಢೆ ಹಂಚಿದರು. ಕ್ರಿಸ್ತಪ್ಪ ಮಾತ್ರ ಒಂದು ಮೂಲೆಯಲ್ಲಿ ನಿಂತು ನಗುತ್ತಿದ್ದ. ಅದು ದಣಿದ ನಗು ಎಂದುಕೊಂಡಳು ಎಸ್ತರ. ಸುದ್ದಿ ಹೈದರಾಬಾದ್ ಮುಟ್ಟಿ, ಅಲ್ಲಿಯ ಒಂದು ಕಂಪನಿಯವರು ತಾವೇ ಬಂದು ನೋಡುತ್ತೇವೆಂದು ಹೇಳಿ ಕಳಿಸಿದರು. ಮನಸ್ಸಿಗೆ ಬಂದರೆ ಔರಾದ ರಸ್ತೆಯ ದಿಬ್ಬಗಳ ಸುತ್ತ ಜಮೀನು ಹಿಡಿದು ದೊಡ್ಡ ಕಾರ್ಖಾನೆಯನ್ನೇ ಹಾಕುವವರಿದ್ದರು.

ಅವರು ಬರುವುದಕ್ಕೆ ಇನ್ನೂ ಎರಡು ದಿನವಿತ್ತು. ಮಧ್ಯಾಹ್ನ ಎಸ್ತರ ಬಟ್ಟಲು ತುಂಬಿಸಿ ಪೆಟ್ಟಿಗೆಯ ಬಾಗಿಲು ತೆಗೆಯುವಷ್ಟರಲ್ಲಿ ಕರೆಂಟು ಹೋಯಿತು. ಬೇಸರದಿಂದ ಬಟ್ಟಲನ್ನು ಮೇಜಿನ ಮೇಲಿಟ್ಟಳು. ಅಲ್ಲಿದ್ದ ಅಯಸ್ಕಾಂತ ಅವಳ ಮೊಳಕೈ ತಾಗಿ ಬಟ್ಟಲೊಳಗೆ ಬಿತ್ತು. ಎತ್ತಿಕೊಂಡಳು.

ಅದರ ತುದಿಯಲ್ಲಿ ಕರಿ ಮುಳ್ಳುಗಳು ಎದ್ದು ನಿಂತಿದ್ದವು.

ಈ ಪುಡಿ ಇನ್ನೂ ಕಾದಿಲ್ಲ. ಪೆಟ್ಟಿಗೆಯ ಒಳಗೇ ಹೋಗಿಲ್ಲ. ಕಾಯದ ಪುಡಿ ಹೇಗೆ ಅಂಟಿತು?

ಕಲ್ಲು ಒಡೆಯುವ ಸುತ್ತಿಗೆಯ ಕಬ್ಬಿಣ ಉದುರಿರಬೇಕು ಎಂದು ಸಮಾಧಾನ ಮಾಡಿಕೊಂಡು, ಕಲ್ಲಿನ ಪುಡಿಯ ಚೀಲಕ್ಕೆ ಅಯಸ್ಕಾಂತ ಒರೆಸಿ ಹಿಡಿದಳು. ಏನೂ ಅಂಟಲಿಲ್ಲ. ಉಳಿದದ್ದು ಇದ್ದಿಲ ಚೀಲ. ಅದರಲ್ಲಿ ಅಯಸ್ಕಾಂತ ಅದ್ದಿ ಎತ್ತಿದಳು. ಇದ್ದಿಲು ಗುಂಪುಗುಂಪಾಗಿ ಜೋತುಬಿದ್ದು ಬಂತು. ಕಟ್ಟಿಗೆ ಸುಟ್ಟ ಇದ್ದಿಲು ಅಯಸ್ಕಾಂತಕ್ಕೆ ಅಂಟುವುದುಂಟೇ? ಆಕಳ ಹೊಟ್ಟೆಯಲ್ಲಿ ಕುದುರೆ ಮರಿ ಹುಟ್ಟಿದ್ದನ್ನು ಕಂಡಿದ್ದರೂ ಅವಳು ಇಷ್ಟು ಬೆಚ್ಚುತ್ತಿರಲಿಲ್ಲ.

ಹಿತ್ತಲಿಗೆ ಹೋದಳು. ಕಸ್ತೂರಿಬಾಯಿ ಇದ್ದಿಲು ಜರಡಿ ಹಿಡಿಯುತ್ತಿದ್ದಳು. ಅವಳ ಜರಡಿಯ ಕೆಳಗಿನ ಪುಡಿಗೆ ಅಯಸ್ಕಾಂತ ಮತ್ತೆ ಒರೆಸಿ ಹಿಡಿದರೆ ಏನೂ ಇಲ್ಲ, ಬರೀ ಮಸಿ.

"ಇಲ್ಲಿಂದ ಈ ಇದ್ದಿಲು ಎಲ್ಲಿಗಿ ಹೋಗ್ತದ, ಕಸ್ತೂರಿಬಾಯಿ?"

"ನಿಮ್ಮ ಮಾಮಾರು ಒಯ್ತಾರಲ್ರಿ. ತಾವೇ ಕಲಸಿ ತಾವೇ ಚೀಲ ಕಟ್ತಾರ. ನಮಗ ಮುಟ್ಟಗೊಡಲ್ಲ," ಎಂದು ಅವಳು ಎಂದಿನಂತೆ ನಕ್ಕಳು.

ಕ್ರಿಸ್ತಪ್ಪ ತೊಗರಿ ತುಂಬುತ್ತಿದ್ದ ಖಾಲಿ ಹಗೇವಿನ ಹತ್ತಿರ ಕುಳಿತಿದ್ದ. ಎಸ್ತರ ಗೋದಾಮಿನ ಇದ್ದಿಲ ಚೀಲದಲ್ಲಿ ಅಯಸ್ಕಾಂತ ಮತ್ತೆ ಅದ್ದಿ ತಂದಳು. ಕರಿ ಮುಳ್ಳೆದ್ದ ಅಯಸ್ಕಾಂತವನ್ನು ಅವನ ಮುಂದೆ ಹಿಡಿದಳು. ಮಾವ ಏನಾದರೊಂದು ಸುಳ್ಳು ಹೇಳಲಿ, ತಾನು ನಂಬಿಬಿಡುತ್ತೇನೆ ಎಂದು ಅವಳ ಒಳಗೆ ಯಾರೋ ಬೇಡಿಕೊಳ್ಳುತ್ತಿದ್ದರು.

"ಹೌದು," ಎಂದ ಕ್ರಿಸ್ತಪ್ಪ. "ಅಯಸ್ಕಾಂತ ಹಿಡಿಯೋ ಕರಿ ಅದಿರಿನ ಪುಡಿ. ಬಳ್ಳಾರಿ ಗೆಳ್ಯಾನ ಕಡಿಂದ ತರಿಸೀನಿ. ಇದ್ದಿಲ ಚೀಲಕ್ಕ ಒಂದೊಂದು ಬೋಗುಣಿ ಹಾಕ್ತೇನಿ."

ಎಸ್ತರ ಅಲ್ಲೇ ಚೀಲದ ಮೇಲೆ ಕುಳಿತಳು. "ಯಾಕ ಮಾಮಾ?"

"ಸೋಮವಾರ ಬಂದ್ ಮಾಡ್ತಿದ್ರು. ಸ್ಟೇಷನ್ನಿಂದ ಕರಕೊಂಡು ಬಂದೀನಿ ಅವರ್ನ. ಗಾಡಿ ಹತ್ತೋ ಮಂದೀನ ಇಳಿಸೀನಿ. ಒಂದು ವಾರದ ಮಟ್ಟಿಗಿ ಅಂದುಕೊಂಡು ಹಾಕ್ದೆ. ಅಷ್ಟರಾಗ ನೀ ಖರೇ ಹಾದಿ ಹುಡುಕ್ತಿ ಅಂತ ಭರವಸಾ ಇತ್ತು."

"ನಾ ಯಾಕ ಹುಡುಕ್ಲಿ? ಸಿಕ್ಕದ ಅಂತ ತಿಳಿದು ಹುಡುಕೋದೇ ಬಿಟ್ಟೆನಲ್ಲ!"

ಆ ಮಾತು ಕ್ರಿಸ್ತಪ್ಪನಿಗೆ ಹೊಳೆದೇ ಇರಲಿಲ್ಲವೆಂದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು.

"ನಾಳಿ ಕಂಪನಿಯವ್ರು ಕಾರ್ಖಾನಿ ಹಾಕಿದ ಮ್ಯಾಲ ಹ್ಯಾಂಗ ಮಾಮಾ? ಔರಾದದ ಮಂದಿ ಹೊಲ ಕೊಟ್ಟು ಕೂತ ಮ್ಯಾಲ? ಆಗ ಎಷ್ಟ ಬೋಗುಣಿ ಹಾಕ್ತಿ?" ಅವಳು ಎದ್ದು ನಿಂತಳು. "ಸಾವಕಾರ್ರಿಗಿ ನೀನೇ ಹೇಳು."

"ಹೇಳ್ತೇನಿ," ಎಂದ ಕ್ರಿಸ್ತಪ್ಪ.

ಮನೆಗೆ ಹೋಗಿ ತಾಯಿಗೆ ಹೇಳಿದಾಗ ರೂತಮ್ಮ ಚಹಾದ ಕಪ್ಪು ಕೆಳಗಿಟ್ಟಳು. ತಮ್ಮನ ಮೇಲೆ ಅವಳಿಗೆ ಪ್ರಾಣ. "ಜ್ವರ ಇಲ್ಲ ಅಂತ ನಾ ಚಾರ್ಟಿನ್ಯಾಗ ಬರದ್ರ ಪೇಶಂಟಿನ ಜ್ವರ ಇಳೀತದೇನವ್ವಾ?" ಎಂದಳು. ಆಮೇಲೆ ಎದ್ದು ಒಳಗೆ ಹೋದಳು. ಅಳುತ್ತಿದ್ದುದು ಹೊರಗೆ ಕೇಳುತ್ತಿತ್ತು.

ಕ್ರಿಸ್ತಪ್ಪ ಹೇಳಲಿಲ್ಲ. ಕಂಪನಿಯವರು ಬಂದ ಬೆಳಿಗ್ಗೆ ಹಾವಗೆಪ್ಪ ಹೊಸ ಧೋತರ ಉಟ್ಟು ಗೇಟಿನಲ್ಲೇ ನಿಂತಿದ್ದರು. ಶೇವಂತಾಬಾಯಿಯ ಮಂದಿ ಅಂಗಳ ಗುಡಿಸಿ ನೀರಿಲ್ಲದ ಬರದಲ್ಲೂ ಎಲ್ಲಿಂದಲೋ ಒಂದು ತಂಬಿಗೆ ತಂದು ರಂಗೋಲಿಗೆ ಚಿಮುಕಿಸಿದ್ದರು. ಅವರ ಮುಖಗಳನ್ನು ನೋಡಲಾಗದೆ ಎಸ್ತರ ತಲೆ ತಗ್ಗಿಸಿಯೇ ಒಳಗೆ ಹೋದಳು. ಕಟ್ಟಿಟ್ಟ ಇದ್ದಿಲ ಚೀಲವನ್ನು ಪಕ್ಕಕ್ಕೆ ಸರಿಸಿ ಹೊರಗೆ ಕೂಗಿದಳು: "ಕಸ್ತೂರಿಬಾಯಿ, ಈಗ ಜರಡಿ ಹಿಡಿದ ಇದ್ದಿಲು ತಗೊಂಡ ಬಾ. ಜರಡಿ ಸಮೇತ."

ಕ್ರಿಸ್ತಪ್ಪ ತಲೆಯೆತ್ತಿ ಅವಳನ್ನು ನೋಡಿದ. ತಡೆಯಲಿಲ್ಲ. ಅವಳು ಎಲ್ಲರೆದುರು ಕಲ್ಲು ಪುಡಿ ಮಾಡಿ, ಇದ್ದಿಲು ಬೆರೆಸಿ ಬಟ್ಟಲು ಒಳಗಿಟ್ಟಳು. ಗುಂಡಿ ಒತ್ತಿದವನು ಅವನೇ. ಕಿಂಡಿಯಲ್ಲಿ ಕೆಂಡ ಕಂಡಾಗ ಬಂದವರು "ಅರೆ!" ಎಂದರು. ಆರಿದ ಪುಡಿಯನ್ನು ಅರೆದು ಎಸ್ತರ ಅಯಸ್ಕಾಂತ ಆಡಿಸಿದಳು. ತುದಿಗೆ ಅಂಟಿದ್ದು ಒಂದು ಚಿಟಿಕೆ. ಹುಬ್ಬಿನಷ್ಟು ತೆಳ್ಳಗೆ.

"ಇಷ್ಟೇನಾ?" ಎಂದರು ಕಂಪನಿಯ ಹಿರಿಯ ಎಂಜಿನಿಯರು.

"ಏ, ಇದೇನಿದು? ನಿನ್ನಿತನಕ ಬರ್ತಿತ್ತಲ್ಲ!" ಹಾವಗೆಪ್ಪ ಮುಂದೆ ಬಂದರು. ಅಷ್ಟರಲ್ಲಿ ಎಸ್ತರಳ ಹಿಂದಿನಿಂದ ಮಾತು ಕೇಳಿತು.

"ನಿನ್ನಿತನಕ ಬಂದದ್ದು ಈ ಕಲ್ಲಿನದಲ್ರಿ ಸಾವಕಾರ್ರ. ನಾ ಬೆರೆಸಿದ್ದು. ಈ ಹುಡುಗಿಗಿ ಗೊತ್ತಿರಲಿಲ್ಲ. ಇವತ್ತು ಬಂದದ್ದಷ್ಟೇ ಖರೆ." ಕ್ರಿಸ್ತಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ.

ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಾರು ಹತ್ತಿದರು. ಹಾವಗೆಪ್ಪ ಗೋಡೆ ಹಿಡಿದುಕೊಂಡು ಮೆಲ್ಲಗೆ ಕುಳಿತರು. "ಊರಿಗೆಲ್ಲ ಪೇಢೆ ಹಂಚೀನಲ್ಲೋ ಕ್ರಿಸ್ತಪ್ಪ..." ಎಂದರು. ಮತ್ತೆ ಅದನ್ನೇ ಅಂದರು.

ಗೋದಾಮಿಗೆ ಬೀಗ ಬಿತ್ತು.

ಪುಣೆಯ ಗಾಡಿಯ ದಿನ ಎಸ್ತರ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಸ್ಟೇಷನ್ನಿಗೆ ಹೋದಳು. ಗಂಟುಗಳ ನಡುವೆ ಕುಳಿತಿದ್ದ ಶೇವಂತಾಬಾಯಿ ಬುತ್ತಿಯನ್ನು ಮುಟ್ಟಲಿಲ್ಲ. ಇಷ್ಟು ದಿನದ 'ರಿ' ಅವಳ ಮಾತಿನಿಂದ ಬಿದ್ದುಹೋಗಿತ್ತು.

"ಒಂದು ಮಳಿಗಾಲ ಬರೋತನಕ ಬಾಯಿ ಮುಚ್ಚಿದ್ರ ನಿನ್ನ ಗಂಟೇನು ಹೋಗ್ತಿತ್ತು? ನಾವೇನು ಆ ಕಬ್ಣ ತಿಂತಿದ್ವೇನು? ಕಲ್ಲು ಒಡೀತಿದ್ವಿ. ನಮ್ಮ ಬೆವರೇನು ಸುಳ್ಳಾಗಿತ್ತಾ?"

ಎಸ್ತರಳಲ್ಲಿ ಉತ್ತರವಿತ್ತು. ಔರಾದದ ಹೊಲಗಳ ಮಾತು, ಮುಂದಿನ ದೊಡ್ಡ ಮೋಸದ ಮಾತು. ಆದರೆ ಅದನ್ನು ಹೇಳದೆ ಬುತ್ತಿಯನ್ನು ಮತ್ತೆ ಕೈಗೆತ್ತಿಕೊಂಡಳು. ಸತ್ಯ ಹೇಳಿದರೆ ಎದೆ ಹಗುರಾಗುತ್ತದೆಂದು ಭಾನುವಾರ ಚರ್ಚಿನ ಪ್ರಸಂಗದಲ್ಲಿ, ಪಾದ್ರಿಯ ಬಾಯಿಂದ ಕೇಳಿ ಬೆಳೆದವಳು ಅವಳು. ಗಾಡಿ ಹೊರಟ ಮೇಲೆ ಬುತ್ತಿ ಹಿಡಿದು ನಿಂತವಳಿಗೆ ಮೈಯೆಲ್ಲ ಸೀಸವಾದಂತಿತ್ತು. ಕಸ್ತೂರಿಬಾಯಿ ಮಾತ್ರ ಕಿಟಕಿಯಿಂದ ಕೈ ಬೀಸಿದಳು.

ಮರುವರ್ಷದ ಮಳೆ ಹಿಂದಿನದನ್ನೆಲ್ಲ ತೀರಿಸುವಂತೆ ಸುರಿಯಿತು. ಭಾದ್ರಪದದಲ್ಲಿ ಕಾರಂಜಾ ತುಂಬಿತು. ತೊಗರಿ ಎದೆಯುದ್ದ ಬೆಳೆಯಿತು, ಮಿಲ್ಲು ಮತ್ತೆ ತಿರುಗಿತು. ಪೆಟ್ಟಿಗೆ ಗೋದಾಮಿನ ಮೂಲೆ ಸೇರಿತು. ಎಸ್ತರ ಒಂದು ದಿನ ಧೈರ್ಯ ಮಾಡಿ ಹಾವಗೆಪ್ಪನವರ ಮುಂದೆ ನಿಂತು, "ಒಂದು ಚಿಟಿಕಿ ಬಂದದ್ದು ಖರೆ ಇತ್ರಿ ಸಾವಕಾರ್ರ. ಅದನ್ನ ಹಿಡದು ನೋಡ್ತೇನಿ," ಎಂದಳು. ಅವರು ಅವಳ ಮುಖ ನೋಡದೆ ಕೀಲಿ ಕೊಟ್ಟರು.

ಭಾನುವಾರ ಚರ್ಚು ಮುಗಿಸಿ ಅವಳು ಭಾಲ್ಕಿಗೆ ಹೋಗುತ್ತಿದ್ದಳು. ಕೆಲವು ವಾರ ಕಳೆದ ಮೇಲೆ, ಆ ದಿನದಿಂದ ಮಿಲ್ಲಿಗೆ ಕಾಲಿಡದಿದ್ದ ಕ್ರಿಸ್ತಪ್ಪನೂ ಬಂದ. ಒಳಗೆ ಬರಲಿಲ್ಲ, ಬಾಗಿಲ ಹೊರಗೆ ಕುಳಿತ. "ಪುಡಿ ನಾ ಮುಟ್ಟಲ್ಲ. ನೀ ಕೇಳಿದ್ದು ಹೇಳ್ತೇನಿ," ಎಂದ. ಅವಳು ಕೇಳಿದಳು, ಅವನು ಹೇಳಿದ. ಒಂದೇ ಸಲ ಕಾಯಿಸದೆ, ಬಿಟ್ಟುಬಿಟ್ಟು ಕಾಯಿಸಬೇಕೆಂಬ ಸೂಕ್ಷ್ಮ ಅವಳಿಗೆ ಹೊಳೆಯಿತು. ಕಲ್ಲಿಗೆ ಉಸಿರಾಡಲು ಬಿಟ್ಟರೆ ಬಿಸಿ ಕೈತಪ್ಪುತ್ತಿರಲಿಲ್ಲ. ಚಿಟಿಕೆ ಇದ್ದದ್ದು ನಿಧಾನಕ್ಕೆ ಮುಷ್ಟಿಯಾಯಿತು. ಕಾರ್ಖಾನೆ ಹಾಕುವಷ್ಟಲ್ಲ. ಆದರೆ ಅದನ್ನೇ ಹಿಡಿದು ಅವಳಿಗೆ ಕಲಬುರಗಿಯಲ್ಲಿ ಸಂಶೋಧನೆಗೆ ಜಾಗ ಸಿಕ್ಕಿತು.

ಹೊರಡುವ ಮುನ್ನ ಯಾವುದೋ ಕೆಲಸಕ್ಕೆ ಔರಾದಕ್ಕೆ ಹೋದಾಗ, ಬಸ್‌ಸ್ಟ್ಯಾಂಡಿನಲ್ಲಿ ಶೇವಂತಾಬಾಯಿ ಎದುರಾದಳು. ತೊಗರಿ ರಾಶಿಗೆಂದು ಊರಿಗೆ ಮರಳಿದ್ದರಂತೆ.

"ಎಲ್ಲಾರೂ ಆರಾಮ ಇದ್ದೀರಾ?" ಎಂದು ಎಸ್ತರ ಕೇಳಿದಳು.

"ಕಸ್ತೂರಿ ಕೈ ಹೋಯ್ತು." ಶೇವಂತಾಬಾಯಿ ಬಸ್ಸು ಬರುವ ದಿಕ್ಕು ನೋಡುತ್ತಲೇ ಹೇಳಿದಳು. "ಪುಣೆದಾಗ ಕಾಂಕ್ರೀಟ್ ಕಲಸೋ ಮಷೀನಿನ್ಯಾಗ ಸಿಕ್ಕಿತು. ಎಡಗೈ. ಮುಂಗೈತನಕ."

ಮಸಿ ಹತ್ತಿದ ಎರಡು ಕೈಗಳು ಚಪ್ಪಾಳೆ ತಟ್ಟುತ್ತಿದ್ದುದು ಎಸ್ತರಳ ಕಣ್ಣಿಗೆ ಕಟ್ಟಿತು.

"ನಿನ್ನ ಮ್ಯಾಲ ಹಾಕಲ್ಲ," ಎಂದಳು ಶೇವಂತಾಬಾಯಿ. "ಆದ್ರ ಮರೀಲಿಕ್ಕೂ ಆಗಲ್ಲ."

ಎಸ್ತರ ತನ್ನ ಬಸ್ಸು ಬಿಟ್ಟು ಅವಳದೇ ಬಸ್ಸು ಹತ್ತಿದಳು. ಶೇವಂತಾಬಾಯಿ ಬೇಡವೆನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಊರಲ್ಲಿ ಬುದ್ಧವಿಹಾರದ ಮಗ್ಗುಲಲ್ಲಿ ಅವರ ಮನೆ. ಶೇವಂತಾಬಾಯಿ ಸೀದಾ ಒಳಗೆ ಹೋದಳು. ಕಸ್ತೂರಿಬಾಯಿ ಅಂಗಳದಲ್ಲಿ ಮೊಣಕಾಲಿನ ನಡುವೆ ಮೊರ ಸಿಕ್ಕಿಸಿಕೊಂಡು ಒಂದೇ ಕೈಯಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಎಸ್ತರಳನ್ನು ಕಂಡು ಸೆರಗಿನಿಂದ ಎಡತೋಳು ಮುಚ್ಚಿಕೊಂಡಳು. ಎಸ್ತರ ಅವಳ ಎದುರಿಗೆ ನೆಲದ ಮೇಲೆ ಕುಳಿತಳು.

ಕಸ್ತೂರಿಬಾಯಿಯೇ ಮೊದಲು ಕೇಳಿದಳು: "ಮೇಡಂ, ಆ ಕಲ್ಲಿನ್ಯಾಗ ಖರೇನ ಕಬ್ಣ ಇತ್ತೇನ್ರಿ?"

"ಇತ್ತು. ಈಗ ಬರ್ತದ. ಜರಾ ಜರಾ ಬರ್ತದ."

"ನಾ ಜರಡಿ ಹಿಡಿದ ಇದ್ದಿಲಿನಿಂದ ಬಂತಲ್ಲ ಒಂದು ಚಿಟಿಕಿ, ಅದು ಖರೇದಿತ್ತಾ?"

"ಅದೇ ಖರೇದು. ಅದರಿಂದನ ಮುಂದಿನದೆಲ್ಲ ಆಯ್ತು."

ಕಸ್ತೂರಿಬಾಯಿ ಅದನ್ನು ಬಾಯಲ್ಲಿಟ್ಟು ರುಚಿ ನೋಡುವವಳಂತೆ 'ಖರೇದು' ಎಂದು ತನಗೆ ತಾನೇ ಅಂದುಕೊಂಡಳು. ಆಮೇಲೆ ಒಳಗಿದ್ದ ಅತ್ತಿಗೆಗೆ ಕೇಳುವಂತೆ, "ವಹಿನೀ, ಚಹಾಕ್ಕ ಇಡು, ಮೇಡಂ ಬಂದಾರ," ಎಂದು ಕೂಗಿದಳು. ಸ್ವಲ್ಪ ಹೊತ್ತಿನ ಮೇಲೆ ಒಳಗಿಂದ ಸ್ಟೋ ಪಂಪು ಹೊಡೆಯುವ ಸದ್ದು ಕೇಳಿಸಿತು. ಎಸ್ತರ ಮೊರದ ಒಂದು ಅಂಚನ್ನು ಹಿಡಿದುಕೊಂಡಳು. ಇಬ್ಬರೂ ಸೇರಿ ತೊಗರಿಯಲ್ಲಿನ ಹರಳು ಆರಿಸತೊಡಗಿದರು.